ಖಾಲಿ ಸಮುದ್ರದಲ್ಲಿ ಇಟ್ಟ ಬೊಟ್ಟು

ಒಂದು ವರ್ಷ ಸುಮಾರು ಎರಡು ತಿಂಗಳು ನಾವು ನಮ್ಮ ಮಲಗುವ ಕೋಣೆಯಲ್ಲಿ ಮಲಗಲಿಲ್ಲ. ಅಲ್ಲಿ ಏಳು ನಕ್ಷೆಗಳಿದ್ದವು. ಮಸ್ಕತ್ತಿನ ಅಂಚಿನ ಅಲ್ ಮವಾಲೇಹ್‌ನಲ್ಲಿ, ತರಕಾರಿ ಮಾರುಕಟ್ಟೆಯ ಹಿಂದಿನ ಕಟ್ಟಡದ ಎರಡನೇ ಮಹಡಿಯಲ್ಲಿ ನಮ್ಮ ಮನೆ. ಒಂದು ಹಾಲ್, ಒಂದು ಕೋಣೆ, ಇಬ್ಬರು ನಿಂತರೆ ಮೊಣಕೈ ತಾಗುವ ಅಡುಗೆಮನೆ, ಪೂರ್ವಕ್ಕೆ ಮುಖ ಮಾಡಿದ ಬಾಲ್ಕನಿ. ಹಾಲ್‌ನ ಏ.ಸಿ. ಹಳೆಯದು, ತಂಪಿಗಿಂತ ಸದ್ದು ಹೆಚ್ಚು. ಕೋಣೆಯದು ಹೊಸದು. ಬೆಳಗ್ಗೆ ನೀರುಳ್ಳಿ ಲಾರಿಗಳು ರಿವರ್ಸ್ ಬರುವ ಸದ್ದಿಗೆ ನಮಗೆ ಎಚ್ಚರವಾಗುತ್ತಿತ್ತು. ಅಪ್ಪ ಸದಾಶಿವ ಮದೀನತ್ ಸುಲ್ತಾನ್ ಖಾಬೂಸ್‌ನ ಒಂದು ಫ್ರೇಮ್ ಅಂಗಡಿಯಲ್ಲಿ ಕೆಲಸಗಾರ. ಅಂಗಡಿ ಒಮಾನಿ ಮಾಲೀಕ ಸಾಲಿಂ ಅವರದ್ದು, ಕೆಲಸಗಾರರ ಬಾಯಲ್ಲಿ ಅವರು ಅರ್ಬಾಬ್. ನಮ್ಮ ವೀಸಾ ಇದ್ದದ್ದೂ ಅವರ ಹೆಸರಿನಲ್ಲೇ, ಅವರೇ ನಮ್ಮ ಕಫೀಲ್. ಕೌಂಟರಿನಲ್ಲಿ ಕೂರುತ್ತಿದ್ದವರು ಉಪ್ಪಿನಂಗಡಿಯ ಹಸನಬ್ಬ, ನನಗೆ ಹಸನ್ ಕಾಕ. ಆಗ ನನಗೆ ಹತ್ತು ವರ್ಷ. ಮನೆಯಲ್ಲಿ ನಾವು ಮಾತಾಡುತ್ತಿದ್ದದ್ದು ತುಳು, ಹಸನ್ ಕಾಕ ಬಂದರೆ ಕನ್ನಡ, ಶಾಲೆಯಿಂದ ಬಂದ ಮೊದಲ ಅರ್ಧ ಗಂಟೆ ನನ್ನ ಬಾಯಲ್ಲಿ ಇಂಗ್ಲಿಷ್. ಇಲ್ಲಿ ಎಲ್ಲವನ್ನೂ ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ.

ನಕ್ಷೆಗಳು ಹೆಂಡ್ರಿಕ್ ಸಾಹೇಬರವು. ಅವರು ಡಚ್ಚರು, ಎಣ್ಣೆ ಹುಡುಕುವ ಕೆಲಸಕ್ಕೆಂದು ಬಂದು, ನಿವೃತ್ತಿಯಾದ ಮೇಲೂ ಮಸ್ಕತ್ತಿನಲ್ಲೇ ಉಳಿದಿದ್ದರು. ಪೆಸಿಫಿಕ್ ಸಾಗರದ ದ್ವೀಪಗಳಿಗೆ ಯುರೋಪಿನ ಹಡಗುಗಳು ಮೊದಲ ಬಾರಿ ಹೋದ ಕಾಲದ ನಕ್ಷೆಗಳನ್ನು ಅವರು ಜೀವಮಾನವಿಡೀ ಕೂಡಿಸಿದ್ದರು. ಅವುಗಳಲ್ಲಿ ಏಳಕ್ಕೆ ಹೊಸ ಫ್ರೇಮ್ ಹಾಕಿಸಬೇಕೆಂದು ಅಂಗಡಿಗೆ ಬಂದವರು, ಮೊದಲು ಹಿಂದಿನ ಕೋಣೆ ನೋಡಬೇಕೆಂದರು. ಗಾಜಿನ ಪುಡಿ, ಅಂಟಿನ ವಾಸನೆ, ಸೋರುವ ಏ.ಸಿ. ನೋಡಿ ತಲೆಯಾಡಿಸಿ, ಅಪ್ಪನ ಕೈಗಳನ್ನು ಸ್ವಲ್ಪ ಹೊತ್ತು ನೋಡಿದರಂತೆ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಮನೆ ಹೇಗಿದೆ?" ಮರುದಿನವೇ ನಮ್ಮ ಮನೆಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಮಲಗುವ ಕೋಣೆಯ ಮಧ್ಯೆ ನಿಂತರು. ಕಿಟಕಿಯ ಬಿಸಿಲು ಎಲ್ಲಿಯವರೆಗೆ ಬರುತ್ತದೆ ಎಂದು ನೆಲದ ಮೇಲೆ ಹೆಜ್ಜೆಯಿಂದ ಅಳೆದರು. ಗಾಳಿಯ ತೇವ ತೋರಿಸುವ, ಮುಳ್ಳಿರುವ ಒಂದು ಪುಟ್ಟ ಮೀಟರನ್ನು ಕಪಾಟಿನ ಮೇಲಿಟ್ಟು ಎರಡು ದಿನ ಬಿಟ್ಟು ಬಂದು ನೋಡಿದರು. ಕೋಣೆ ಪಾಸಾಯಿತು. ಮಂಚ ಬಿಚ್ಚಿ ಬಾಲ್ಕನಿಗೆ ಹೋಯಿತು, ಊಟದ ಮೇಜು ಕೋಣೆಗೆ ಬಂತು. ನಾವು ಮೂವರೂ ಹಾಲ್‌ನಲ್ಲಿ ಚಾಪೆ ಹಾಸಿದೆವು.

ಇದರಲ್ಲಿ ಏನು ಅಡಗಿದೆ ಎಂದು ನನಗೆ ತಿಳಿಸಿದವರು ಹಸನ್ ಕಾಕ.

"ನೋಡು ಮಗಳೇ, ಈ ಸಾಹೇಬರು ಸಾಲಿಂ ಅರ್ಬಾಬರ ದೋಸ್ತಿ. ಅರ್ಬಾಬರೇ ಮಾತು ಕೊಟ್ಟದ್ದು, ನನ್ನ ಸದಾಶಿವನ ಕೈಯಲ್ಲಿ ಕೊಟ್ರೆ ಒಂದು ಗೀರೂ ಬೀಳುದಿಲ್ಲ ಅಂತ. ಬಿದ್ರೆ ಅಪ್ಪನ ಕೆಲಸಕ್ಕೆ ಖಲಾಸ್. ನೀನು ಆ ಕೋಣೆಯಲ್ಲಿ ಸೀನಬೇಡ."

ಮನೆಗೆ ಹೊಸ ನಿಯಮಗಳು ಬಂದವು. ಕೋಣೆಗೆ ಹೋಗುವ ಮೊದಲು ಕೈ ತೊಳೆದು, ಒರೆಸಿ, ಇನ್ನೊಮ್ಮೆ ಒಣ ಬಟ್ಟೆಯಲ್ಲಿ ಒರೆಸಬೇಕು. ಬಳೆ ತೆಗೆಯಬೇಕು. ನೀರಿನ ಲೋಟ ಒಳಗೆ ಹೋಗಬಾರದು. ಊದುಬತ್ತಿ ಹಚ್ಚಬಾರದು. ಇಷ್ಟಕ್ಕೆಲ್ಲ ಅಮ್ಮ ಒಪ್ಪಿದರು. ಜಗಳ ಆದದ್ದು ಮೀನಿಗೆ. ಎಣ್ಣೆಯ ಹೊಗೆ ಕಾಗದಕ್ಕೆ ಹತ್ತುತ್ತದೆ, ಹಾಗಾಗಿ ಮೀನು ಕಾಯಿಸುವುದು ಬೇಡ ಎಂದು ಅಪ್ಪ ಹೇಳಿದ ದಿನ, ಸೀಬ್‌ನ ದಕ್ಕೆಯಿಂದ ತಂದ ಬಂಗುಡೆ ಮಸಾಲೆ ಹಚ್ಚಿಕೊಂಡು ತಟ್ಟೆಯಲ್ಲಿ ಕಾಯುತ್ತಿತ್ತು.

"ಸಾರು ಮಾಡು ಗುಲಾಬಿ. ಸಾರಿಗೆ ಹೊಗೆ ಇಲ್ಲ."

"ಎರಡು ತಿಂಗಳು ಬರೀ ಸಾರು! ಈ ಮನೆಯಲ್ಲಿ ಕಾಗದಕ್ಕೆ ಏ.ಸಿ. ಉಂಟು, ಮನುಷ್ಯರಿಗೆ ಚಾಪೆ. ಕಾಗದಕ್ಕೆ ಶುದ್ಧ ಗಾಳಿ ಬೇಕು, ನಮಗೆ ಒಂದು ತುಂಡು ಮೀನಿಲ್ಲ. ನಾಳೆಯಿಂದ ಅದಕ್ಕೇ ಬಡಿಸ್ತೇನೆ, ನೀವು ಗೋಡೆಗೆ ನೇತಾಡಿ."

ಅಪ್ಪ ನಕ್ಕರು, ಅಮ್ಮ ನಗಲಿಲ್ಲ. ಆದರೆ ಮೀನು ಸಾರಾಯಿತು. ಇನ್ನೊಂದು ವಾರದಲ್ಲಿ ಅಮ್ಮನೇ ಆ ಕೆಲಸದೊಳಗೆ ಸೇರಿಕೊಂಡರು. ಹಳೆಯ ಕಾಗದಕ್ಕೆ ಅಂಗಡಿಯ ಅಂಟು ತಾಗಿಸುವಂತಿಲ್ಲ; ಗೋಧಿಯ ಹಾಲನ್ನು ಇಳಿಸಿ, ತಳದಲ್ಲಿ ಕೂತ ಬಿಳಿಯನ್ನು ನೀರಿನಲ್ಲಿ ಕಾಯಿಸಿ, ಗಂಟಿಲ್ಲದ ಗಂಜಿ ಮಾಡಬೇಕು. ತೆಳ್ಳನೆಯ ಜಪಾನಿ ಕಾಗದದ ಎರಡು ಪಟ್ಟಿಗೆ ಆ ಗಂಜಿ ಸವರಿ, ನಕ್ಷೆಯ ಮೇಲಂಚಿಗೆ ಮಾತ್ರ ಅಂಟಿಸಿ, ಅದು ಫ್ರೇಮಿನೊಳಗೆ ಸ್ವತಂತ್ರವಾಗಿ ತೂಗುವಂತೆ ಮಾಡುವುದು ಅಪ್ಪನ ವಿದ್ಯೆ. ಅಪ್ಪ ಮಾಡಿದ ಮೊದಲ ಗಂಜಿಯಲ್ಲಿ ಗಂಟುಗಳಿದ್ದವು. ಅಮ್ಮ ಪಾತ್ರೆ ಕಸಿದುಕೊಂಡರು. ರಾಗಿ ಮಣ್ಣಿ ತಿರುಗಿಸಿದ ಕೈ ಅದು. ಗಂಜಿ ಕನ್ನಡಿಯಂತೆ ಇಳಿಯಿತು. ಅಪ್ಪ ಬೆರಳಲ್ಲಿ ತೆಗೆದು, ಬೆಳಕಿಗೆ ಹಿಡಿದು, ಪಾತ್ರೆ ಎತ್ತಿಕೊಂಡು ನೇರ ಕೋಣೆಗೆ ಹೋದರು. ಅಪ್ಪನ ಮಟ್ಟಿಗೆ ಅದು ದೊಡ್ಡ ಹೊಗಳಿಕೆ.

ನಕ್ಷೆಗಳನ್ನು ನಾನು ಮೊದಲು ನೋಡಿದ್ದು ಕೈ ಬೆನ್ನ ಹಿಂದೆ ಕಟ್ಟಿಕೊಂಡು. ಅದೂ ನಿಯಮವೇ. ತಾಮ್ರದ ಹಲಗೆಯ ಮೇಲೆ ಗೀರಿ, ಗೀರಿನೊಳಗೆ ಶಾಯಿ ತುಂಬಿ, ಒದ್ದೆ ಕಾಗದ ಒತ್ತಿ ತೆಗೆದ ಮುದ್ರಣಗಳು ಅವು. ಮೇಲೆ ಯಾರೋ ಕೈಯಿಂದ ಬಣ್ಣ ಹಾಕಿದ್ದರು. ಅಪ್ಪ ಟಾರ್ಚನ್ನು ಮೇಜಿನ ಮಟ್ಟಕ್ಕೆ ಮಲಗಿಸಿ ಬೆಳಕು ಬಿಟ್ಟಾಗ ಕಾಗದದಲ್ಲಿ ಆ ಹಲಗೆ ಒತ್ತಿದ ಅಂಚು ಹಳ್ಳದಂತೆ ಕಂಡಿತು. ಮೂಲೆಯಲ್ಲಿ ಹೆಸರು ಬರೆದ ಅಲಂಕಾರದ ಚೌಕಟ್ಟು, ಅದರ ಸುತ್ತ ತೆಂಗಿನ ಮರ, ಶಂಖ, ಬಲೆ, ಕೆನ್ನೆ ಉಬ್ಬಿಸಿ ಗಾಳಿ ಊದುವ ಮಕ್ಕಳ ಮುಖಗಳು. ಸಮುದ್ರದಲ್ಲಿ ಬಾಲ ಎರಡಾಗಿ ಸೀಳಿದ ಮೀನು, ಅದರ ಬಾಯಿಂದ ನೀರಿನ ಕಾರಂಜಿ. ಉಗುರಿನಷ್ಟು ಹಡಗಿನಲ್ಲಿ ಲೆಕ್ಕಕ್ಕೆ ಸಿಗುವಷ್ಟು ಹಗ್ಗಗಳು. ಭೂತಗನ್ನಡಿ ಹಿಡಿದರೆ ಆ ಹಗ್ಗದ ಮೇಲೆ ಹತ್ತುತ್ತಿರುವ ಒಬ್ಬ ಮನುಷ್ಯ. ಅವನಿಗೆ ಕೈಕಾಲು ಇದ್ದವು. ಅಷ್ಟು ಸಣ್ಣ ಮನುಷ್ಯನಿಗೆ ಕೈಕಾಲು ಕೊಟ್ಟವನ ತಾಳ್ಮೆ ನನಗೆ ಈಗಲೂ ಬೆರಗು.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೂರನೇ ನಕ್ಷೆ. ಅದರಲ್ಲಿ ಒಂದು ದೊಡ್ಡ ದ್ವೀಪಕ್ಕೆ ಎಡಗಡೆಯ ದಡ ಮಾತ್ರ ಇತ್ತು. ಕೊಲ್ಲಿ, ಭೂಶಿರ, ಬೆಟ್ಟ ಎಲ್ಲ ಒಂದೊಂದಾಗಿ ಬರೆದು, ಒಂದು ಜಾಗಕ್ಕೆ ಬಂದು ಗೆರೆ ನಿಂತುಬಿಟ್ಟಿತ್ತು. ಬಲಗಡೆ ಬರೀ ಕಾಗದ. ಮುದ್ರಿಸುವಾಗ ಬಿಟ್ಟುಹೋಗಿದೆ ಎಂದುಕೊಂಡೆ. ವಾರಕ್ಕೊಮ್ಮೆ ಕೆಲಸ ನೋಡಲು ಬರುತ್ತಿದ್ದ ಹೆಂಡ್ರಿಕ್ ಸಾಹೇಬರನ್ನು ಕೇಳಿದೆ.

"ಬಿಟ್ಟುಹೋದದ್ದಲ್ಲ. ಹಡಗು ಹೋದದ್ದು ಆ ಕಡೆಯಿಂದ ಮಾತ್ರ. ಕಂಡಷ್ಟನ್ನು ಬರೆದರು. ಕಾಣದ್ದನ್ನು ಬರೆಯಲಿಲ್ಲ."

"ಮತ್ತೆ ಉಳಿದ ಅರ್ಧ?"

"ಅದಕ್ಕೆ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಇನ್ನೊಂದು ಹಡಗು ಸುತ್ತ ಹೋಗಿ ಬಂತು."

ನೂರು ವರ್ಷ ಒಂದು ದೇಶ ಅರ್ಧವಾಗಿ ನಿಂತಿತ್ತು, ಯಾರೂ ಅಂದಾಜಿನ ಮೇಲೆ ಅದನ್ನು ಮುಗಿಸಿರಲಿಲ್ಲ. ಎಲ್ಲರೂ ಹಾಗೆಯೇ ಇದ್ದರು ಎಂದಲ್ಲ. ಇನ್ನೊಂದು ನಕ್ಷೆಯಲ್ಲಿ ದಕ್ಷಿಣಕ್ಕೆ ಒಂದು ಖಂಡವೇ ಇತ್ತು, ಯಾರೂ ನೋಡದ್ದು, ಇರಲೇಬೇಕೆಂದು ಬರೆದದ್ದು. ಮೋಡವನ್ನು ಬೆಟ್ಟವೆಂದು ತಿಳಿದು ಬರೆದ ದ್ವೀಪಗಳೂ ಇದ್ದವು. ಒಮ್ಮೆ ಸಿಕ್ಕ ದ್ವೀಪಗಳು, ಎಷ್ಟು ಪೂರ್ವಕ್ಕೆ ಎಂದು ಅಳೆಯುವ ಉಪಾಯ ಗೊತ್ತಿಲ್ಲದ್ದರಿಂದ, ಎರಡು ಶತಮಾನ ಯಾರ ಕೈಗೂ ಮತ್ತೆ ಸಿಗಲಿಲ್ಲ ಎಂದು ಸಾಹೇಬರು ಹೇಳಿದರು. ಒಂದೇ ಮೇಜಿನ ಮೇಲೆ ನೋಡಿ ಬರೆದವರೂ ನೋಡದೆ ಬರೆದವರೂ ಅಕ್ಕಪಕ್ಕ ಮಲಗಿದ್ದರು. ಗೆರೆ ನೋಡಿ ಇವರಾರು ಅವರಾರು ಎಂದು ಹೇಳುವಂತಿರಲಿಲ್ಲ. ಇಬ್ಬರದ್ದೂ ಅಷ್ಟೇ ಚಂದ.

ಅಮ್ಮನಿಗೆ ಚಂದದಲ್ಲಿ ಆಸಕ್ತಿ ಕಡಿಮೆ. ಒಂದು ಮೂಲೆಯ ಚಿತ್ರದಲ್ಲಿ ಟೋಪಿ ಹಾಕಿದವರು ಬಾವುಟ ಹಿಡಿದು ದೋಣಿಯಿಂದ ಇಳಿಯುತ್ತಿದ್ದರು, ದಡದಲ್ಲಿ ದ್ವೀಪದ ಜನ ಹಣ್ಣಿನ ಬುಟ್ಟಿ ಹಿಡಿದು ನಿಂತಿದ್ದರು. ಅಮ್ಮ ಅದನ್ನೇ ನೋಡುತ್ತಿದ್ದರು.

"ಇವರು ಬರುವ ಮೊದಲೇ ಅಲ್ಲಿ ಜನ ಇದ್ರಲ್ಲ? ಮತ್ತೆ ಇವರು ಕಂಡುಹಿಡಿದದ್ದು ಎಂತದ್ದು? ನಮ್ಮಲ್ಲಿಗೆ ನೆಂಟರು ಬಂದು, ಚಾ ಕುಡಿದು ಹೋಗಿ, ನಾನು ಗುಲಾಬಿಯ ಮನೆ ಕಂಡುಹಿಡಿದೆ ಅಂತ ಪೇಪರಿಗೆ ಕೊಟ್ಟ ಹಾಗಾಯ್ತು. ಕೇಳು ಅವರತ್ರ."

"ಅಮ್ಮ, ನೋ!"

"ಎಂತ ನೋ? ಕೇಳು ಅಂದೆ."

ನಾನು ಕೇಳಿದೆ, ಚಾ ಕುಡಿದ ನೆಂಟರ ಮಾತಿನ ಸಮೇತ. ಸಾಹೇಬರು ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ. ಅಮ್ಮನ ಕಡೆಗೆ ತಿರುಗಿ, ಅಮ್ಮನಿಗೇ ಹೇಳುವಂತೆ ನಿಧಾನವಾಗಿ ಹೇಳಿದರು, ನಾನು ಅನುವಾದಿಸಿದೆ. ನಿಮ್ಮ ಮಾತು ಸರಿ, ಅಲ್ಲಿ ಜನ ಇದ್ದರು. ಸಾವಿರಾರು ಮೈಲಿ ಆ ಸಮುದ್ರವನ್ನು ದೋಣಿಯಲ್ಲಿ ದಾಟಿ ಅವರೇ ಮೊದಲು ಹೋಗಿ ನೆಲೆಸಿದ್ದು. ಒಂದು ದ್ವೀಪದ ಪೂಜಾರಿಯೊಬ್ಬ ಯುರೋಪಿನ ಹಡಗು ಹತ್ತಿದ. ಅವನಿಗೆ ಅಳತೆಯ ಸಲಕರಣೆ ಬೇಕಿರಲಿಲ್ಲ. ನಕ್ಷತ್ರ, ಅಲೆ, ಹಕ್ಕಿ ನೋಡಿ ದಾರಿ ಹೇಳುತ್ತಿದ್ದ. ಬರೀ ನೆನಪಿನಿಂದ ಹತ್ತಾರು ದ್ವೀಪಗಳ ನಕ್ಷೆ ಮಾಡಿಸಿಕೊಟ್ಟ. ಹಡಗಿನ ವಿದ್ವಾಂಸರಿಗೆ ಅದು ಅರ್ಥವೇ ಆಗಲಿಲ್ಲ. ಇದೇ ಹಡಗುಗಳ ಜತೆ ಬಂದೂಕೂ ಹೋಯಿತು, ರೋಗವೂ ಹೋಯಿತು, ಬಹಳ ಜನ ಸತ್ತರು. ಅದನ್ನು ಮೂಲೆಯ ಚಿತ್ರದಲ್ಲಿ ಯಾರೂ ಕೆತ್ತಲಿಲ್ಲ.

ಅಮ್ಮ "ನೆನಪಿನಿಂದ!" ಎಂದರು. ಆಮೇಲೆ ಸಾಹೇಬರ ಲೋಟಕ್ಕೆ ಇನ್ನಷ್ಟು ಚಾ ಹಾಕಿ ತಂದು ಹಾಲ್‌ನಲ್ಲಿಟ್ಟರು.

ಹೀಗೆ ಆರು ನಕ್ಷೆಗಳ ಕೆಲಸ ಅರ್ಧ ಮುಗಿದು ಫೋಲ್ಡರಿಗೆ ಹೋಗಿತ್ತು. ಏಳನೆಯದು, ಎಲ್ಲಕ್ಕಿಂತ ದೊಡ್ಡದು, ತೆಳು ಕಾಗದದ ಹೊದಿಕೆಯಡಿ ಮೇಜಿನ ಮೇಲಿತ್ತು. ಅದರಲ್ಲಿ ಪೆಸಿಫಿಕ್ ಇಡಿಯಾಗಿ ಇತ್ತು. ಆಗ ಆಯುಧಪೂಜೆ ಬಂತು. ಆ ವರ್ಷ ಶುಕ್ರವಾರ, ಎಲ್ಲರಿಗೂ ರಜೆ. ನಮ್ಮ ಮನೆಯ ಕ್ರಮ ಹೀಗೆ: ಹಿಂದಿನ ಸಂಜೆ ಅಪ್ಪ ತನ್ನ ಕಟರ್, ಸ್ಟೀಲ್ ಸ್ಕೇಲ್, ಸುತ್ತಿಗೆ, ಗಾಜು ಕೊಯ್ಯುವ ವಜ್ರದ ಪೆನ್ನು ಎಲ್ಲ ತಂದು ಒರೆಸಿ ಮಣೆಯ ಮೇಲೆ ಇಡುತ್ತಿದ್ದರು. ನನ್ನ ಶಾಲೆಯ ಪುಸ್ತಕಗಳೂ ಅಲ್ಲಿಗೆ ಬರುತ್ತಿದ್ದವು. ಬೆಳಗ್ಗೆ ಸ್ನಾನ ಮಾಡಿ, ಕುಂಕುಮವನ್ನು ನೀರಿನಲ್ಲಿ ಕಲಸಿ, ಒಂದೊಂದಕ್ಕೂ ಬೊಟ್ಟು ಇಡುವುದು ನನ್ನ ಕೆಲಸ. ಪುಸ್ತಕಗಳಿಗೆ ಪ್ರತಿಯೊಂದಕ್ಕೂ ಇಡಬೇಕಾಗಿಲ್ಲ, ಅಟ್ಟಿಯ ಮೇಲಿನದಕ್ಕೆ ಇಟ್ಟರೆ ಎಲ್ಲಕ್ಕೂ ಆಯಿತು. ಕುಂಕುಮ ಕಾರ್ಕಳದ ದೊಡ್ಡಮ್ಮ ಅರಸಿನದಿಂದ ಮನೆಯಲ್ಲೇ ಮಾಡಿ ಕಳಿಸಿದ್ದು.

ಅಪ್ಪ ಕುಂಬಳಕಾಯಿ, ಹೂವು ತರಲು ಕೆಳಗೆ ಮಾರುಕಟ್ಟೆಗೆ ಹೋಗಿದ್ದರು. ಅಮ್ಮ ಪಾಯಸದ ಮುಂದಿದ್ದರು.

"ಅಪ್ಪನ ಕೆಲಸದ್ದು ಯಾವುದೂ ಬಿಟ್ಟುಹೋಗ್ಬಾರ್ದು, ನೋಡು ದೀಕ್ಷಾ. ನಮಗೆ ಅನ್ನ ಕೊಡುವಂಥದ್ದು."

"ಐ ನೋ, ಅಮ್ಮ."

ಮಣೆಯ ಮೇಲಿದ್ದವೆಲ್ಲ ಆದವು. ಆ ವರ್ಷ ನಮಗೆ ಅನ್ನ ಕೊಡುತ್ತಿದ್ದದ್ದು ಯಾವುದು ಎಂದು ಯೋಚಿಸಿದರೆ ಉತ್ತರ ಒಂದೇ ಇತ್ತು. ನಾನು ಕೈಯನ್ನು ನಿಯಮದಂತೆ ಎರಡು ಸಲ ಒರೆಸಿಕೊಂಡೆ. ಉಂಗುರದ ಬೆರಳನ್ನು ಮಾತ್ರ ಕುಂಕುಮದಲ್ಲಿ ಅದ್ದಿ, ಬಟ್ಟಲು ಹೊರಗೆ ಬಿಟ್ಟು, ಒಳಗೆ ಹೋದೆ. ಹೊದಿಕೆ ಎತ್ತಿದೆ. ಚಿತ್ರದ ಮೇಲೆ ಇಟ್ಟರೆ ಮೀನೋ ಹಡಗೋ ಮುಚ್ಚಿಹೋಗುತ್ತದೆ. ಅಕ್ಷರದ ಮೇಲೆ ಇಡುವುದು ಸರಸ್ವತಿಗೆ ಆಗದು. ಯಾವುದಕ್ಕೂ ತೊಂದರೆಯಾಗದ ಜಾಗ ಹುಡುಕಿದೆ. ನಕ್ಷೆಯ ಬಲಗಡೆ, ನಡುವಿಗಿಂತ ಸ್ವಲ್ಪ ಕೆಳಗೆ, ಅಂಗೈಯಗಲ ಏನೂ ಇಲ್ಲದ ಸಮುದ್ರವಿತ್ತು. ಅದರ ಸರಿಯಾಗಿ ಮಧ್ಯೆ, ತೊಗರಿ ಬೇಳೆಯಷ್ಟು ದೊಡ್ಡ, ಒದ್ದೆ ಕೆಂಪು ಬೊಟ್ಟು ಇಟ್ಟು ಕೈ ಮುಗಿದೆ. ಒಳ್ಳೆಯ ಕೆಲಸ ಮಾಡಿದ ಸಮಾಧಾನ ನನಗಿತ್ತು. ಅದನ್ನು ಇಲ್ಲಿ ದಾಖಲಿಸಬೇಕು.

ಅಪ್ಪ ಬಂದು, ಕುಂಬಳಕಾಯಿ ಕೆಳಗಿಟ್ಟು, ಕೋಣೆಗೆ ಇಣುಕಿದರು. ಕೂಗಲಿಲ್ಲ. ಮೇಜಿನ ಕಾಲು ಹಿಡಿದು ನೆಲದ ಮೇಲೆ ಕೂತರು. ಅಮ್ಮ ಸೌಟು ಹಿಡಿದೇ ಬಂದು ನೋಡಿ, ನನ್ನ ಬೆನ್ನಿಗೆ ಒಂದು ಹಾಕಿದರು. ಆಮೇಲೆ, ಯಾವುದೂ ಬಿಡಬೇಡ ಎಂದು ಹೇಳಿದ್ದು ತಾನೇ ಎಂಬುದು ನೆನಪಾಯಿತೇನೋ, ಆ ಕೈ ಅಲ್ಲೇ ಬೆನ್ನ ಮೇಲೆ ಉಳಿಯಿತು. ಮೊದಲು ಮಾತಾಡಿದ್ದು ಅಮ್ಮನೇ.

"ಇದು ಅರಸಿನದ ಕುಂಕುಮ ಅಲ್ವಾ. ಬಿಸಿಲಿಗೆ ಹಿಡಿದ್ರೆ ಹೋಗ್ತದೆ. ನಿಮ್ಮ ಬಿಳಿ ಅಂಗಿಗೆ ಬಿದ್ದ ಸಾರಿನ ಕಲೆ ನಾನು ಮತ್ತೆ ಹೇಗೆ ತೆಗೆಯುದು?"

"ಬಿಸಿಲು ಕಲೆಯನ್ನು ಮಾತ್ರ ತಿನ್ನುದಿಲ್ಲ. ಸಮುದ್ರದ ನೀಲಿಯನ್ನೂ ತಿಂತದೆ."

"ಉಳಿದದ್ದನ್ನು ಮುಚ್ಚಿ."

ಅಪ್ಪ ತಲೆ ಎತ್ತಿದರು. ಚಿತ್ರದ ಸುತ್ತ ಕಿಟಕಿಯಂತೆ ಕೂರುವ ದಪ್ಪ ಬೋರ್ಡಿಗೆ ಅಂಗಡಿಯಲ್ಲಿ ಮೌಂಟ್ ಎನ್ನುತ್ತಿದ್ದರು. ಆ ಕಿಟಕಿಯನ್ನು ಕತ್ತರಿಸುವುದೇ ಅಪ್ಪನ ದಿನದ ಕೆಲಸ. ಕೋಣೆಯಗಲದ ಚಿತ್ರಕ್ಕೂ ಕತ್ತರಿಸಿದವರು, ಅಂಚೆಚೀಟಿಗೂ ಕತ್ತರಿಸಿದವರು. ಹೆಬ್ಬೆರಳು ತೋರುಬೆರಳನ್ನು ಬೊಟ್ಟಿನ ಮೇಲೆ, ತಾಗಿಸದೆ, ಅಳತೆ ಹಿಡಿದರು.

"ಬೋರ್ಡಲ್ಲಿ ಇಷ್ಟೇ ಇಷ್ಟು ತೂತು ಮಾಡಿದ್ರೆ ಆಗ್ತದೆ."

"ಮಾಡಿ ಮತ್ತೆ! ಎಂತಕ್ಕೆ ಕೂತದ್ದು?"

"ಮೊದಲು ಅವರಿಗೆ ಹೇಳ್ಬೇಕು."

ಆ ಮನೆಯಲ್ಲಿ ನಾನು ಕೇಳಿದ ಅತಿ ದೊಡ್ಡ ಜಗಳ ಅಲ್ಲಿಂದ ಶುರುವಾಯಿತು, ಮತ್ತು ಅದು ಸಣ್ಣ ದನಿಯಲ್ಲೇ ನಡೆಯಿತು. ಹೇಳಿದರೆ ಮಾಡಲು ಬಿಡುತ್ತಾರಾ ಎಂದು ಅಮ್ಮ. ಬಿಡದಿದ್ದರೆ ಬಿಡದಿರಲಿ, ವಸ್ತು ಅವರದ್ದು ಎಂದು ಅಪ್ಪ. ಅವರು ಕಫೀಲ್‌ಗೆ ಒಂದು ಫೋನ್ ಮಾಡಿದರೆ ಈ ಹುಡುಗಿಯನ್ನು ನಡುವರ್ಷದಲ್ಲಿ ಶಾಲೆ ಬಿಡಿಸಿ ಎಲ್ಲಿಗೆ ಕರ್ಕೊಂಡು ಹೋಗುವುದು ಎಂದು ಅಮ್ಮ. ಜುಮಾ ನಮಾಜು ಮುಗಿಸಿ ಹಸನ್ ಕಾಕ, ಪ್ರತಿ ವರ್ಷದಂತೆ, ಪಾಯಸಕ್ಕೆ ಬಂದರು. ವಿಷಯ ಕೇಳಿ ಟೋಪಿ ತೆಗೆದು ತಲೆ ತುರಿಸಿಕೊಂಡರು.

"ಸದಾ, ನೀನೆಂತ ಹರಿಶ್ಚಂದ್ರನ ಮೊಮ್ಮಗನಾ? ಅವರು ಬರುದು ಇನ್ನು ಬುಧವಾರ. ಅಷ್ಟರಲ್ಲಿ ಹೋದ್ರೆ ಹೋಯ್ತು, ಯಾರಿಗೂ ಗೊತ್ತಿಲ್ಲ. ಹೋಗದಿದ್ರೆ ಆಗ ಹೇಳು. ಬಾಯಿ ಎಲ್ಲಿಗೂ ಓಡಿ ಹೋಗುದಿಲ್ಲ ಮಾರಾಯ."

"ಬಿಸಿಲಿಗೆ ಇಟ್ಟು ಇನ್ನೂ ಹಾಳಾದ್ರೆ?"

"ಆಗ ಇಬ್ಬರೂ ಊರಿಗೆ ಹೋಗಿ ಮೀನು ಮಾರುವ."

ಅಪ್ಪ ಪಾಯಸ ಪೂರ್ತಿ ಕುಡಿದರು, ಲೋಟ ತೊಳೆದಿಟ್ಟರು, ಕೈ ಎರಡು ಸಲ ಒರೆಸಿಕೊಂಡರು. ಆಮೇಲೆ ಫೋನ್ ಮಾಡಿದರು. ಅಮ್ಮ ಅಡುಗೆಮನೆಯ ಬಾಗಿಲು ಹಾಕಿಕೊಂಡರು.

ಸಾಹೇಬರು ಮೂರು ಗಂಟೆಗೆ ಬಂದರು. ಮೇಜಿನ ಮೇಲೆ ಬಾಗಿ ನೋಡಿದರು. ಅವರ ಕಿವಿ ಮೊದಲು ಕೆಂಪಾಯಿತು, ಆಮೇಲೆ ಕುತ್ತಿಗೆ. ನನ್ನ ಮನೆಯಲ್ಲಿ ಆದದ್ದು, ನನ್ನ ತಪ್ಪು ಎಂದು ಅಪ್ಪ ಹೇಳುತ್ತಿರುವಾಗಲೇ ನಾನು "ಇಟ್ಟದ್ದು ನಾನು" ಎಂದೆ. ಅವರು ನನ್ನನ್ನು ನೋಡಿದರು.

"ಅಲ್ಲಿಯೇ ಏಕೆ?"

"ಅಲ್ಲಿ ಏನೂ ಇರಲಿಲ್ಲ."

ಅವರು ಕಿಟಕಿಯ ಕಡೆ ತಿರುಗಿ ನಿಂತರು. ಅಮ್ಮ ಇಟ್ಟ ಪಾಯಸದ ಮೇಲೆ ಕೆನೆ ಕಟ್ಟಿತು. ಅಪ್ಪ ಬಿಸಿಲಿನ ಉಪಾಯ ವಿವರಿಸಿದರು, ಅದರಲ್ಲಿರುವ ಅಪಾಯವನ್ನೂ. ಕೊನೆಗೆ ಸಾಹೇಬರು ಹೇಳಿದ್ದಿಷ್ಟು: ಪ್ರಯತ್ನ ಮಾಡಿ, ಕಲೆ ಹೋದರೆ ನನ್ನನ್ನು ಕರೆಯಿರಿ, ಹೋಗದಿದ್ದರೆ ನಾನು ಸಾಲಿಂ ಜತೆ ಮಾತಾಡಬೇಕಾಗುತ್ತದೆ. ಉಳಿದ ಆರು ನಕ್ಷೆಗಳ ಫೋಲ್ಡರನ್ನು ತಾವೇ ಎತ್ತಿಕೊಂಡು ಮೆಟ್ಟಿಲಿಳಿದರು. ಅಪ್ಪ ಹಿಡಿಯಲು ಹೋದರೆ ಬೇಡ ಎಂದು ತಲೆಯಾಡಿಸಿದರು. ಅಪ್ಪನ ಮುಖ ನಾನು ನೋಡಿದ್ದು ಆಗ.

ಮರುದಿನ ಅಪ್ಪ ನೇರ ನಕ್ಷೆಗೆ ಕೈ ಹಾಕಲಿಲ್ಲ. ಹಳೆಯದೊಂದು ಪುಸ್ತಕದ ಖಾಲಿ ಹಾಳೆಗೆ ಅದೇ ಕುಂಕುಮದ ಬೊಟ್ಟಿಟ್ಟು, ಮೊದಲು ಅದರ ಮೇಲೆ ಪ್ರಯೋಗ. ತೂತಿನ ಅಂಚು ನೇರವಿದ್ದರೆ ಅದರ ನೆರಳು ಬೊಟ್ಟಿನ ಒಂದು ಬದಿಗೆ ಬೀಳುತ್ತದೆ. ಹಾಗಾಗಿ ಬ್ಲೇಡನ್ನು ಓರೆ ಹಿಡಿದು, ಮೇಲೆ ಅಗಲ ಕೆಳಗೆ ಕಿರಿದು ಮಾಡಿ, ಐದನೇ ಬೋರ್ಡಿನಲ್ಲಿ ಅಳತೆ ಸರಿಯಾಯಿತು. ನಕ್ಷೆಯ ಮೇಲಿನ ಒಣ ಪುಡಿಯನ್ನು ಮೆತ್ತನೆಯ ಬ್ರಷ್ಷಿನಿಂದ ಎತ್ತಿದರು. ಬ್ರೆಡ್ಡಿನ ಬಿಳಿ ತಿರುಳನ್ನು ಉಂಡೆ ಮಾಡಿ ಒತ್ತಿ ಒತ್ತಿ ತೆಗೆದರು. ಉಳಿದ ಕಲೆಯ ಮೇಲೆ ಬೋರ್ಡು, ಬೋರ್ಡಿನ ಮೇಲೆ ಕಪ್ಪು ಬಟ್ಟೆ, ಬಟ್ಟೆಗೂ ತೂತು. ಬಾಲ್ಕನಿಗೆ ಬಿಸಿಲು ಬರುವುದು ಬೆಳಗ್ಗೆ. ಎಂಟರ ನಂತರದ ಕಾವು ಕಾಗದಕ್ಕೆ ಆಗದು. ಹತ್ತು ನಿಮಿಷ ಬಿಸಿಲು, ಇಪ್ಪತ್ತು ನಿಮಿಷ ಒಳಗೆ ತಂಪಿಗೆ. ಗಡಿಯಾರ ಹಿಡಿದು ನಿಲ್ಲುವವಳು ನಾನು, ಶಾಲೆಯ ಸಮವಸ್ತ್ರದಲ್ಲಿ. ಅಮ್ಮ ಎರಡು ದಿನ ಅಪ್ಪನ ಜತೆ ಮಾತಾಡಲಿಲ್ಲ, ಆದರೆ ಅಪ್ಪನ ಪಕ್ಕದಲ್ಲೇ, ಗಾಳಿಗೆ ಬಟ್ಟೆ ಹಾರದಂತೆ ನಾಲ್ಕು ಮೂಲೆಗೆ ಪುಸ್ತಕಗಳನ್ನು ಒತ್ತಿಕೊಂಡು ಕೂರುತ್ತಿದ್ದರು.

ಮೊದಲ ದಿನ ಏನೂ ಆಗಲಿಲ್ಲ. ಎರಡನೇ ದಿನ ಕೆಂಪು ಇಟ್ಟಿಗೆ ಬಣ್ಣಕ್ಕೆ ಇಳಿಯಿತು. ಮೂರನೇ ದಿನ ಹಣ್ಣೆಲೆಯ ಹಳದಿ. ಪ್ರತಿ ಸಲ ಬೋರ್ಡು ಎತ್ತುವಾಗ ಮೂವರ ತಲೆಯೂ ಒಂದೇ ಕಡೆ ಬಾಗುತ್ತಿತ್ತು, ಮೂವರೂ ಉಸಿರು ಹಿಡಿಯುತ್ತಿದ್ದೆವು. ಅಷ್ಟು ದೂರದ ಸೂರ್ಯ, ಅಪ್ಪ ಕತ್ತರಿಸಿದ ಬೇಳೆಯಷ್ಟು ಕಿಟಕಿಯಿಂದ ಒಳಗೆ ಬಂದು, ನಾನು ಇಟ್ಟದ್ದನ್ನು ಮಾತ್ರ ಹೆಕ್ಕಿಕೊಂಡು ಹೋಗುತ್ತಿದ್ದ. ಪಕ್ಕದ ಕೂದಲೆಳೆಯಷ್ಟು ನೀಲಿ ಗೆರೆ ಅಲುಗಲಿಲ್ಲ. ಅಷ್ಟು ದೊಡ್ಡದು ಅಷ್ಟು ಸಣ್ಣದ್ದಕ್ಕೆ ಸರಿಯಾಗಿ ಬಂದು ತಾಗುವುದನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ. ಐದನೇ ದಿನ ಬೋರ್ಡು ಎತ್ತಿದಾಗ ಅಲ್ಲಿ ಮತ್ತೆ ಏನೂ ಇರಲಿಲ್ಲ.

"ಹೋಯ್ತು" ಎಂದರು ಅಮ್ಮ. ಐದು ದಿನದಲ್ಲಿ ಅಪ್ಪನಿಗೆ ಹೇಳಿದ ಮೂರನೆಯ ಮಾತೋ ನಾಲ್ಕನೆಯದೋ ಅದು.

ಅಪ್ಪ ಟಾರ್ಚ್ ತಂದು ಓರೆಯಾಗಿ ಬೆಳಕು ಬಿಟ್ಟರು. ಬೊಟ್ಟಿದ್ದ ಜಾಗದಲ್ಲಿ ಕಾಗದ, ಸುತ್ತಲಿನದಕ್ಕಿಂತ ಒಂದು ಛಾಯೆ ಬಿಳಿಚಿತ್ತು. ಬಿಸಿಲು ಕುಂಕುಮದ ಜತೆ ಕಾಗದದ ಹಳೆತನವನ್ನೂ ಸ್ವಲ್ಪ ತೆಗೆದುಕೊಂಡು ಹೋಗಿತ್ತು.

ಹನ್ನೊಂದರ ಹೊತ್ತಿಗೆ ಸಾಹೇಬರು ಬಂದರು. ನನಗೆ ಆ ದಿನ ಶಾಲೆ ತಪ್ಪಿಸಿದ್ದರು. ಅವರು ಭೂತಗನ್ನಡಿ ಹಿಡಿದು ನಕ್ಷೆಯ ಬಲಭಾಗವನ್ನೆಲ್ಲ ಹುಡುಕಿದರು. ಎಲ್ಲಿತ್ತು ಎಂದು ಅವರಿಗೆ ನೆನಪಿತ್ತು. ಆದರೂ ಬಹಳ ಹೊತ್ತು ಹುಡುಕಿ ನೇರವಾಗಿ ನಿಂತರು.

"ನನಗೆ ಕಾಣುತ್ತಿಲ್ಲ. ಪೂರ್ತಿ ಹೋಗಿದೆ."

ಬಾಗಿಲಲ್ಲಿ ನಿಂತ ಅಮ್ಮನಿಗೆ ಅಷ್ಟು ಇಂಗ್ಲಿಷ್ ಅರ್ಥವಾಗುತ್ತಿತ್ತು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಅಲ್ಲಿಗೆ ಎಲ್ಲ ಮುಗಿಯಬಹುದಿತ್ತು.

"ದೀಕ್ಷಾ, ತೋರಿಸು" ಎಂದರು ಅಪ್ಪ.

ನಾನು ಟಾರ್ಚ್ ಮಲಗಿಸಿದೆ. ಇನ್ನೊಂದು ಕೈಯ ಬೆರಳನ್ನು ತಾಗಿಸದೆ ಹಿಡಿದು, "ಇಲ್ಲಿ" ಎಂದೆ.

"ಅಯ್ಯೋ, ಇವರಿಗೆ ಮಂಡೆ ಸಮ ಉಂಟಾ?" ಎಂದು ಅಮ್ಮ ತುಳುವಿನಲ್ಲಿ ಗೋಡೆಗೆ ಹೇಳಿದರು.

ಸಾಹೇಬರು ಮತ್ತೆ ಬಾಗಿ ನೋಡಿದರು. ಈಗ ಕಂಡಿತು. "ನೀವು ತೋರಿಸದಿದ್ದರೆ ನನಗೆ ಎಂದೂ ಗೊತ್ತಾಗುತ್ತಿರಲಿಲ್ಲ" ಎಂದರು.

"ನಾಳೆ ಇದು ಇನ್ನೊಬ್ಬರ ಕೈಗೆ ಹೋಗ್ತದೆ ಸರ್. ಕೊಡುವಾಗ ನಿಮಗೆ ಗೊತ್ತಿರ್ಬೇಕಲ್ಲ" ಎಂದರು ಅಪ್ಪ ತಮ್ಮ ಅಂಗಡಿ ಇಂಗ್ಲಿಷಿನಲ್ಲಿ.

ಸಾಹೇಬರು ಒಂದು ಕಾಗದ ಕೇಳಿದರು, ಫ್ರೇಮಿನ ಹಿಂಬದಿಗೆ ಹಾಕಲು. ಆದದ್ದನ್ನು ಆದ ಹಾಗೆ ಬರೆಯಿರಿ ಎಂದರು. ಅಪ್ಪ ನನ್ನಿಂದ ಬರೆಸಿದರು. ಖಾಲಿ ಸಮುದ್ರದಲ್ಲಿ, ಬಲ ಅಂಚಿನಿಂದ ಇಷ್ಟು ಅಂಗುಲ, ಕೆಳಗಿನಿಂದ ಇಷ್ಟು, ಪೂಜೆಯ ದಿನ ಇಟ್ಟ ಕುಂಕುಮ, ಇಟ್ಟವಳು ಚೌಕಟ್ಟು ಹಾಕುವವನ ಮಗಳು, ಐದು ದಿನದ ಬಿಸಿಲಿನಲ್ಲಿ ತೆಗೆದದ್ದು, ಜಾಗ ಬಿಳಿಚಿದೆ. "ಸ್ವಲ್ಪ" ಎಂದು ಸೇರಿಸಲಾ ಎಂದು ಕೇಳಿದೆ. ಅಪ್ಪ ಟಾರ್ಚ್ ಹಿಡಿದು ಇನ್ನೊಮ್ಮೆ ನೋಡಿ, "ಸೇರಿಸು, ಸ್ವಲ್ಪವೇ" ಎಂದರು. ಕೆಳಗೆ ನನ್ನ ಹೆಸರು, ಅದರ ಕೆಳಗೆ ಅಪ್ಪನ ಸಹಿ. ಸಾಹೇಬರು ಅದನ್ನು ಎರಡು ಸಲ ಓದಿ ಮೇಜಿನ ಮೇಲಿಟ್ಟರು.

"ಉಳಿದ ಆರನ್ನೂ ವಾಪಸ್ ತಂದಿದ್ದೇನೆ, ಕಾರಿನಲ್ಲಿವೆ" ಎಂದರು. "ಕಾರು ಗೇಟಿನ ಆಚೆ. ನೆರಳಿನಲ್ಲಿ ಜಾಗ ಸಿಗಲಿಲ್ಲ."

ಅಪ್ಪ ಒಣ ಬಟ್ಟೆ ತೆಗೆದು ಕೈ ಒರೆಸಿಕೊಂಡರು. ಅಮ್ಮ ಆಗಲೇ ಹಾಲ್‌ಗೆ ಹೋಗಿ, ನಮ್ಮ ಚಾಪೆಯ ಮೇಲಿನ ಎರಡು ಬೆಡ್‌ಶೀಟುಗಳನ್ನು ಎಳೆದು, ಒಂದರ ಮೇಲೊಂದು ಮಡಚಿ ಹೆಗಲಿಗೆ ಹಾಕಿಕೊಂಡಿದ್ದರು.

"ಯಲ್ಲಾ, ನಡೀರಿ. ಆ ಬಿಸಿಲು ಎಂತ ಮಾಡ್ತದೆ ಅಂತ ನೋಡಿ ಆಯ್ತಲ್ಲ."

ನಾನು ಕೆಳಗಿನ ಬಾಗಿಲನ್ನು ಬೆನ್ನಿನಿಂದ ಒತ್ತಿ ಹಿಡಿದು ನಿಂತೆ. ಗೇಟಿನಿಂದ ಬಾಗಿಲಿಗೆ ಅರುವತ್ತು ಹೆಜ್ಜೆ ಡಾಂಬರು, ಒಂದು ಗಿಡದ ನೆರಳೂ ಇಲ್ಲ. ಅಪ್ಪ ಫೋಲ್ಡರನ್ನು ಎರಡೂ ಅಂಗೈಗಳ ಮೇಲೆ ಮಟ್ಟಸವಾಗಿ ಇಟ್ಟುಕೊಂಡು ಬರುತ್ತಿದ್ದರು. ಬೆಡ್‌ಶೀಟಿನ ಒಂದು ಕಡೆಯ ಎರಡು ಮೂಲೆಗಳನ್ನು ಅಮ್ಮ ಎತ್ತಿ ಹಿಡಿದಿದ್ದರು, ಇನ್ನೊಂದು ಕಡೆಯವನ್ನು ಹೆಂಡ್ರಿಕ್ ಸಾಹೇಬರು. ಅವರು ಅಮ್ಮನಿಗಿಂತ ಒಂದೂವರೆ ಅಡಿ ಎತ್ತರ. ಹೊದಿಕೆ ಓರೆಯಾಗುತ್ತದೆಂದು ಮೊಣಕಾಲು ಬಗ್ಗಿಸಿ ನಡೆಯುತ್ತಿದ್ದರು. ನೀರುಳ್ಳಿ ಇಳಿಸುತ್ತಿದ್ದವರು ಚೀಲ ಹೆಗಲ ಮೇಲಿಟ್ಟುಕೊಂಡೇ ನಿಂತು ನೋಡಿದರು. ಅಪ್ಪನ ಕೈಯಲ್ಲಿದ್ದ ಫೋಲ್ಡರಿನ ಮೇಲೆ ಬಾಗಿಲ ತನಕವೂ ಒಂದು ಎಳೆ ಬಿಸಿಲು ಬೀಳಲಿಲ್ಲ. ಆಚೆ ಈಚೆ ನಡೆದ ಇಬ್ಬರೂ ಪೂರ್ತಿ ಬಿಸಿಲಿನಲ್ಲಿದ್ದರು.